ಕ್ಯಾಮೆರಾದ ಕಚ್ಚಾ ಕಡತ: ಅದರ ಕೀಲಿಕೈ ಯಾರಲ್ಲಿರಬೇಕು?

ಹೊಸದೊಂದು ಕ್ಯಾಮೆರಾ ಕೊಂಡವರು ಅದರಲ್ಲಿ ತೆಗೆದ ಚಿತ್ರಗಳನ್ನು ಕಂಪ್ಯೂಟರಿಗೆ ವರ್ಗಾಯಿಸಿಕೊಂಡು, ತಮಗೆ ಬಹುಕಾಲದಿಂದ ರೂಢಿಯಾದ ತಂತ್ರಾಂಶದಲ್ಲಿ ತೆರೆಯಹೋದಾಗ, ಈ ಬಗೆಯ ಕಡತವನ್ನು ಓದಲು ತನಗೆ ಬಾರದೆಂಬ ಉತ್ತರವನ್ನು ಅದು ಕೊಡುವುದುಂಟು. ಕ್ಯಾಮೆರಾ ಕೆಟ್ಟಿಲ್ಲ, ಕಡತ ಹಾಳಾಗಿಲ್ಲ, ತಂತ್ರಾಂಶವೋ, ಹಳೆಯ ಕ್ಯಾಮೆರಾದ ಚಿತ್ರಗಳನ್ನು ಈಗಲೂ ಸರಾಗವಾಗಿ ತೆರೆಯುತ್ತಿದೆ. ಹಾಗಿದ್ದರೆ ತೊಡಕು ಇರುವುದೆಲ್ಲಿ? ಅಂಗಡಿಯವರನ್ನು ಕೇಳಿದರೆ ಹೊಸ ತಂತ್ರಾಂಶವನ್ನು ಕೊಳ್ಳಿರೆನ್ನುತ್ತಾರೆ. ಕೊಳ್ಳುವವರಲ್ಲಿ ಬಹುಮಂದಿ ಅಷ್ಟಕ್ಕೇ ಸುಮ್ಮನಾಗುತ್ತಾರೆ. ವಿಜ್ಞಾನವನ್ನು ಓದುವವರು ಮಾತ್ರ ಹಾಗೆ ಸುಮ್ಮನಾಗಬಾರದೆಂದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಮೊದಲು ಆ ಕಡತದಲ್ಲಿ ಇರುವುದೇನೆಂಬುದನ್ನು ನೋಡಬೇಕು.

ಕ್ಯಾಮೆರಾ ತಾನು ಕಂಡದ್ದನ್ನು ಎರಡು ಬಗೆಯಾಗಿ ಉಳಿಸಬಲ್ಲದು. ಒಂದು, ಎಲ್ಲರಿಗೂ ಪರಿಚಿತವಾದ ಜೆಪೆಗ್ ಚಿತ್ರ. ಇದು ಅಡಿಗೆಯಾಗಿ ಎಲೆಗೆ ಬಡಿಸಿದ ಅನ್ನವಿದ್ದಂತೆ. ಇನ್ನೊಂದು, 'ರಾ' ಎಂದು ಕರೆಯಲ್ಪಡುವ ಕಚ್ಚಾ ಕಡತ. ಇದನ್ನು ಚಿತ್ರವೆನ್ನುವುದಕ್ಕಿಂತ ಅಂಕಿಗಳ ಪಟ್ಟಿಯೆಂದರೆ ಹೆಚ್ಚು ಸರಿ. ಮಸೂರದ ಹಿಂದಿರುವ ಸಿಲಿಕಾನ್ ಫಲಕದಲ್ಲಿ ಲಕ್ಷಾಂತರ ಪುಟ್ಟ ಕೋಶಗಳಿವೆ. ಪ್ರತಿಯೊಂದು ಕೋಶದ ಮೇಲೂ ಫೋಟಾನುಗಳು ಬಿದ್ದು ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಹಾಗೆ ಕೂಡಿದ ವಿದ್ಯುದಂಶವನ್ನು ಅಳೆದು ಒಂದು ಸಂಖ್ಯೆಯಾಗಿ ಬರೆಯಲಾಗುತ್ತದೆ. ಬೆಳಕು ಇಮ್ಮಡಿಯಾದರೆ ಸಂಖ್ಯೆಯೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ. 14 ಬಿಟ್ಟುಗಳ ಕಚ್ಚಾ ಕಡತದಲ್ಲಾದರೋ 16,384 ಮೆಟ್ಟಿಲುಗಳಿರುತ್ತವೆ.

ಇನ್ನು ಬಣ್ಣದ ವಿಷಯ. ಸಿಲಿಕಾನಿಗೆ ಬಣ್ಣಗಳ ಭೇದ ತಿಳಿಯದು. ಆದುದರಿಂದ ಕೋಶಗಳ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳನ್ನು ಹೊದಿಸಬೇಕಾಗುತ್ತದೆ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬವರು 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಂತೆ ಅರ್ಧದಷ್ಟು ಕೋಶಗಳಿಗೆ ಹಸಿರು, ಕಾಲುಭಾಗಕ್ಕೆ ಕೆಂಪು, ಉಳಿದ ಕಾಲುಭಾಗಕ್ಕೆ ನೀಲಿ. ಇಂದಿನ ಬಹುಪಾಲು ಕ್ಯಾಮೆರಾಗಳು ಇದನ್ನೇ ಅನುಸರಿಸುತ್ತವೆ; 2012ರಲ್ಲಿ ಫ್ಯೂಜಿಫಿಲ್ಮ್ ಸಂಸ್ಥೆ ಬೇರೊಂದು ವಿನ್ಯಾಸವನ್ನು ತಂದದ್ದೂ ಉಂಟು. ಅಂತೂ ಒಂದು ಕೋಶಕ್ಕೆ ಒಂದೇ ಬಣ್ಣದ ಅಳತೆ ಗೊತ್ತು. ಉಳಿದೆರಡನ್ನು ನೆರೆಹೊರೆಯ ಕೋಶಗಳಿಂದ ತಂತ್ರಾಂಶವು ಊಹಿಸಿ ತುಂಬಿಕೊಳ್ಳಬೇಕು.

ಹೀಗೆ ಊಹಿಸಿ ತುಂಬುವ ಮೊದಲು ತಂತ್ರಾಂಶಕ್ಕೆ ಹಲವು ಸಂಗತಿಗಳು ತಿಳಿದಿರಬೇಕು. ಅಂಕಿಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ? ಅವುಗಳನ್ನು ಯಾವ ರೀತಿಯಲ್ಲಿ ಅಡಕಗೊಳಿಸಿದೆ? (2 ಕೋಟಿ 40 ಲಕ್ಷ ಕೋಶಗಳು, ಒಂದೊಂದಕ್ಕೆ 14 ಬಿಟ್ಟುಗಳೆಂದರೆ ಒಂದೇ ಚಿತ್ರಕ್ಕೆ 4 ಕೋಟಿ 20 ಲಕ್ಷ ಬೈಟುಗಳಾಗುವುದರಿಂದ ಅಡಕ ಮಾಡದೆ ಗತಿಯಿಲ್ಲ.) ಕತ್ತಲೆಗೆ ಯಾವ ಸಂಖ್ಯೆ? ಈ ಕೊನೆಯ ಪ್ರಶ್ನೆ ಓದುಗರಿಗೆ ವಿಚಿತ್ರವಾಗಿ ತೋರಬಹುದು. ಕತ್ತಲೆಯೆಂದರೆ ಸೊನ್ನೆಯಲ್ಲವೆ? ಅಲ್ಲ. ಅಳತೆಯಲ್ಲಿ ಸದಾ ಇರುವ ಏರಿಳಿತವು ಸೊನ್ನೆಯ ಕೆಳಗೂ ಇಳಿಯುವುದರಿಂದ, ಆ ಭಾಗ ಕತ್ತರಿಸಿಹೋಗದಿರಲೆಂದು ಎಷ್ಟೋ ಕ್ಯಾಮೆರಾಗಳಲ್ಲಿ ಎಲ್ಲ ಸಂಖ್ಯೆಗಳಿಗೂ ಒಂದು ನಿಶ್ಚಿತ ಮೊತ್ತವನ್ನು ಕೂಡಿಸಿರುತ್ತಾರೆ. ಆ ಮೊತ್ತ 512 ಎಂದಿಟ್ಟುಕೊಳ್ಳೋಣ. ಇದನ್ನರಿಯದ ತಂತ್ರಾಂಶವು 512ನ್ನು ಕಳೆಯುವುದಿಲ್ಲ. ಬಿಸಿಲಿನ ಬಿಳುಪನ್ನು ಸರಿದೂಗಿಸಲು ಕೆಂಪನ್ನು 2ರಿಂದ, ನೀಲಿಯನ್ನು 1.5ರಿಂದ ಗುಣಿಸಿ ಹಸಿರನ್ನು ಇದ್ದಂತೆಯೇ ಬಿಟ್ಟರೆ, ಕಗ್ಗತ್ತಲೆಯ ಜಾಗದಲ್ಲಿ ಕೆಂಪು 1,024, ಹಸಿರು 512, ನೀಲಿ 768 ಆಗುತ್ತದೆ. ಕಪ್ಪಾಗಿರಬೇಕಾದ ನೆರಳೆಲ್ಲ ನೇರಳೆಯ ಛಾಯೆಗೆ ತಿರುಗುತ್ತದೆ! ಒಂದೇ ಒಂದು ಸಂಖ್ಯೆ ತಿಳಿಯದ ಫಲವಿದು. ಇದಲ್ಲದೆ, ಕ್ಯಾಮೆರಾದ ಹಸಿರು ಶೋಧಕಕ್ಕೆ ಕಾಣುವ ಹಸಿರು ನಮ್ಮ ಕಣ್ಣಿನ ಹಸಿರಲ್ಲವಾದ್ದರಿಂದ, ಒಂದನ್ನು ಮತ್ತೊಂದಕ್ಕೆ ಪರಿವರ್ತಿಸುವ ಒಂಬತ್ತು ಸಂಖ್ಯೆಗಳ ಕೋಷ್ಟಕವೂ ಪ್ರತಿಯೊಂದು ಮಾದರಿಗೆ ಬೇಕು.

ಈ ವಿವರಗಳೆಲ್ಲವೂ ತಯಾರಕರಿಗೆ ಗೊತ್ತು. ಕ್ಯಾಮೆರಾದೊಡನೆ ಅವುಗಳನ್ನು ಅಚ್ಚುಹಾಕಿಸಿ ಕೊಟ್ಟರೆ ನಾಲ್ಕಾರು ಪುಟಗಳಲ್ಲಿ ಮುಗಿಯುವ ಸಂಗತಿ. ಆದರೆ ಪ್ರಮುಖ ತಯಾರಕರಲ್ಲಿ ಹೆಚ್ಚಿನವರು ಇವುಗಳನ್ನು ಸಾರ್ವಜನಿಕವಾಗಿ ಪ್ರಕಟಿಸುವುದಿಲ್ಲ. ಆದುದರಿಂದ ಹೊಸ ಮಾದರಿ ಮಾರುಕಟ್ಟೆಗೆ ಬಂದಾಗಲೆಲ್ಲ ಯಾರೋ ಒಬ್ಬರು ಕುಳಿತು ಅದರ ಕಡತವನ್ನು ಹಳಗನ್ನಡದ ಶಾಸನವನ್ನೋದುವಂತೆ ಅಕ್ಷರ ಅಕ್ಷರವಾಗಿ ಬಿಡಿಸಬೇಕಾಗಿದೆ. ಅಮೆರಿಕದ ಡೇವ್ ಕಾಫಿನ್ ಎಂಬವರು 1997ರಲ್ಲಿ ಈ ಕೆಲಸವನ್ನಾರಂಭಿಸಿ, 'ಡಿಸಿರಾ' ಎಂಬ ತಮ್ಮ ಪುಟ್ಟ ಕಾರ್ಯಕ್ರಮದಲ್ಲಿ ನೂರಾರು ಕ್ಯಾಮೆರಾಗಳ ಗುಟ್ಟನ್ನು ಬಿಡಿಸಿ ಎಲ್ಲರಿಗೂ ಉಚಿತವಾಗಿ ಹಂಚಿದರು. ಅದರ ಕೊನೆಯ ಆವೃತ್ತಿ ಬಂದದ್ದು 2018ರಲ್ಲಿ. ಆ ಕೆಲಸವನ್ನೇ ತಳಹದಿಯಾಗಿಟ್ಟುಕೊಂಡ 'ಲಿಬ್‌ರಾ' ಇಂದಿಗೂ ಬೆಳೆಯುತ್ತಿದೆ. ಕೋಟಿಗಟ್ಟಲೆ ವ್ಯಾಪಾರದ ಒಂದು ಉದ್ಯಮವು ಬಿಟ್ಟುಹೋದ ಕೆಲಸವನ್ನು ಬೆರಳೆಣಿಕೆಯ ಉತ್ಸಾಹಿಗಳು ಮಾಡುತ್ತ ಬಂದಿದ್ದಾರೆಂಬುದು ಮೆಚ್ಚತಕ್ಕದ್ದೂ ಹೌದು, ನಾಚಿಕೆಗೇಡಿನದೂ ಹೌದು.

ಗುಟ್ಟು ಕೆಲವೊಮ್ಮೆ ಬರಿಯ ಮೌನವಾಗಿ ಉಳಿಯದೆ ಬೀಗವಾಗಿಯೂ ಪರಿಣಮಿಸಿದೆ. 2005ರಲ್ಲಿ ನಿಕಾನ್ ಸಂಸ್ಥೆಯು ತನ್ನ ಡಿ2ಎಕ್ಸ್ ಮಾದರಿಯಲ್ಲಿ ಬಿಳುಪಿನ ಸಮತೋಲದ ಮಾಹಿತಿಯನ್ನು ಗೂಢಲಿಪಿಯಲ್ಲಿ ಬರೆದಿಟ್ಟಿತು. ಫೋಟೋಶಾಪಿನ ಜನಕರಲ್ಲೊಬ್ಬರಾದ ಥಾಮಸ್ ನೋಲ್ ಈ ಸಂಗತಿಯನ್ನು ಬಹಿರಂಗಪಡಿಸಿದಾಗ ಛಾಯಾಗ್ರಾಹಕರಲ್ಲಿ ದೊಡ್ಡ ಗದ್ದಲವೇ ಎದ್ದಿತು. ತಾವು ತೆಗೆದ ಚಿತ್ರದ ಬಣ್ಣವನ್ನು ತಮಗೇ ಬೀಗ ಹಾಕಿ ಕೊಟ್ಟಂತಾಯಿತಲ್ಲ ಎಂಬುದು ಅವರ ಕೂಗು. ಕಾಫಿನ್ ಆ ಗೂಢಲಿಪಿಯನ್ನೂ ಬಿಡಿಸಿದರು. ಕ್ಯಾನನ್ ಸಂಸ್ಥೆ 2018ರಲ್ಲಿ ತನ್ನ ಹಳೆಯ 'ಸಿಆರ್2' ಕಡತದ ಬದಲಿಗೆ 'ಸಿಆರ್3' ಎಂಬ ಬೇರೆಯೇ ರಚನೆಯ ಕಡತವನ್ನು ತಂದಾಗ ಲಿಬ್‌ರಾ ಅದನ್ನು ಓದುವಂತಾದದ್ದು 2020ರಲ್ಲಿ. ಆ ನಡುವಿನ ಕಾಲದಲ್ಲಿ ಉಚಿತ ತಂತ್ರಾಂಶವನ್ನೇ ನೆಚ್ಚಿಕೊಂಡಿದ್ದ ವಿದ್ಯಾರ್ಥಿಗಳ ಪಾಡೇನಾಗಿರಬೇಕು?

ತಯಾರಕರ ಪಕ್ಷದಲ್ಲಿಯೂ ಹೇಳುವ ಮಾತುಗಳಿವೆ. ಕಡತದ ರಚನೆ ತಮ್ಮ ವ್ಯಾಪಾರದ ರಹಸ್ಯ, ಪರರು ಅದನ್ನು ಅರೆಬರೆಯಾಗಿ ಓದಿದರೆ ಚಿತ್ರ ಕೆಟ್ಟು ತಮ್ಮ ಹೆಸರಿಗೆ ಕುಂದು ಬರುತ್ತದೆ, ಪ್ರಕಟಿಸಿಬಿಟ್ಟರೆ ಮುಂದೆ ಬದಲಾಯಿಸಲು ಸ್ವಾತಂತ್ರ್ಯವಿರದು ಎಂದು ಅವರು ವಾದಿಸಬಹುದು. ಚಿತ್ರವನ್ನು ಸುಂದರಗೊಳಿಸುವ ತಮ್ಮ ವಿಧಾನವನ್ನು ಅವರು ಗುಟ್ಟಾಗಿಟ್ಟುಕೊಳ್ಳಲಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಂಕಿಗಳ ಅರ್ಥವನ್ನು ಮುಚ್ಚಿಡುವುದು ಬೇರೆ ಮಾತು. ನಮ್ಮ ಪ್ರಯೋಗಶಾಲೆಗೆ ಸ್ಪೆಕ್ಟ್ರೋಮೀಟರೊಂದನ್ನು ತರಿಸಿದೆವೆನ್ನಿ. ಅದರ ವರ್ನಿಯರ್ ಮಾಪಕಕ್ಕೆ ಮೇಣದ ಮುದ್ರೆ ಹಾಕಿ, ಕೋನವನ್ನು ತಿಳಿಯಬೇಕಾದಾಗಲೆಲ್ಲ ಮಾರಿದವರನ್ನೇ ಕೇಳಬೇಕೆಂದರೆ ಯಾವ ಕಾಲೇಜು ಅದನ್ನು ಕೊಂಡೀತು? ಅರೆಬರೆಯಾಗಿ ಓದಿದರೆ ಚಿತ್ರ ಕೆಡುತ್ತದೆಂಬ ಮಾತಂತೂ, ಪೂರ್ಣವಾಗಿ ಓದುವಂತೆ ಮಾಡಿರೆಂಬುದಕ್ಕೇ ಸಮರ್ಥನೆಯಾಗಿದೆ.

ಖಗೋಳವಿಜ್ಞಾನಿಗಳು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. 1981ರಲ್ಲಿ ಪ್ರಕಟವಾದ 'ಫಿಟ್ಸ್' ಎಂಬ ಅವರ ಕಡತದ ಆರಂಭದಲ್ಲಿ 80 ಅಕ್ಷರಗಳ ಸಾಲುಗಳಿರುತ್ತವೆ. ಮುಂದೆ ಬರುವ ಅಂಕಿಗಳೆಷ್ಟು, ಅವುಗಳ ಜೋಡಣೆಯೆಂತು ಎಂಬುದನ್ನು ಅಲ್ಲಿಯೇ ಯಾರೂ ಓದಬಹುದಾದ ಅಕ್ಷರಗಳಲ್ಲಿ ಬರೆದಿರುತ್ತದೆ. ನಿಯಮಗಳನ್ನು ಮುಂದೆ ಹೇಗೇ ವಿಸ್ತರಿಸಿದರೂ, ಹಿಂದೆ ಸರಿಯಾಗಿದ್ದ ಕಡತ ಎಂದೆಂದಿಗೂ ಸರಿಯಾಗಿಯೇ ಉಳಿಯಬೇಕೆಂಬುದು ಅವರ ಕಟ್ಟಳೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ನಡೆಸುತ್ತಾರಷ್ಟೆ. ಅದು ತೆಗೆಯುವ ಚಿತ್ರಗಳೂ ಫಿಟ್ಸ್ ರೂಪದವೇ. ವ್ಯಾಟಿಕನ್ನಿನ ಗ್ರಂಥಾಲಯವು ತನ್ನ ಪ್ರಾಚೀನ ಹಸ್ತಪ್ರತಿಗಳ ಚಿತ್ರಗಳನ್ನು ಕಾಪಿಡಲು ಇದನ್ನೇ ಆಯ್ದುಕೊಂಡಿತೆಂದರೆ, ನಕ್ಷತ್ರಗಳಿಗೆಂದು ಹುಟ್ಟಿದ ಈ ಕಡತದ ಮೇಲೆ ಪಂಡಿತರಿಗಿರುವ ನಂಬಿಕೆಯನ್ನು ಊಹಿಸಬಹುದು.

ಕಾಲ ಕಳೆದಂತೆ ಈ ಪ್ರಶ್ನೆಯ ತೀಕ್ಷ್ಣತೆ ಹೆಚ್ಚುತ್ತದೆ. ಕೊಡೈಕೆನಾಲಿನ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದಿದ್ದಾರೆ. ಅಂದಿನ ಗಾಜಿನ ಫಲಕವನ್ನು ಇಂದು ಬೆಳಕಿಗೆ ಹಿಡಿದರೆ ಸೌರಕಲೆ ಕಾಣುತ್ತದೆ; ಫಲಕವನ್ನು ತಯಾರಿಸಿದ ಸಂಸ್ಥೆಯ ಅನುಮತಿ ಬೇಕಿಲ್ಲ. 2019ರ ಡಿಸೆಂಬರ್ 26ರಂದು ದಕ್ಷಿಣ ಕನ್ನಡ ಹಾಗೂ ಕೊಡಗಿನಲ್ಲಿ ಕಂಕಣ ಸೂರ್ಯಗ್ರಹಣ ಕಾಣಿಸಿದಾಗ ಅದನ್ನು ಕಚ್ಚಾ ಕಡತಗಳಲ್ಲಿ ಹಿಡಿದಿಟ್ಟವರಿದ್ದಾರೆ. 2031ರ ಮೇ 21ರಂದು ಕೇರಳ, ತಮಿಳುನಾಡುಗಳ ದಕ್ಷಿಣ ಭಾಗದಲ್ಲಿ ಮತ್ತೊಂದು ಕಂಕಣ ಗ್ರಹಣವಿದೆ. ಎರಡರಲ್ಲಿಯೂ ಸೂರ್ಯಬಿಂಬದ ಅಂಚಿನ ಕಡೆಗೆ ಬೆಳಕು ಕುಂದುವ ಪರಿಯನ್ನು ಅಳೆದು ಹೋಲಿಸಬೇಕೆಂಬ ಬಯಕೆ ಒಬ್ಬ ವಿದ್ಯಾರ್ಥಿನಿಗೆ ಹುಟ್ಟಿದರೆ, ಹಳೆಯ ಕಡತ ಆಕೆಯ ಕಂಪ್ಯೂಟರಿನಲ್ಲಿ ತೆರೆಯಬೇಡವೆ? ಜೆಪೆಗ್ ಚಿತ್ರದಿಂದ ಈ ಕೆಲಸವಾಗದು. ಅಲ್ಲಿ ಬೆಳಕಿಗೂ ಸಂಖ್ಯೆಗೂ ಇದ್ದ ನೇರ ಅನುಪಾತವನ್ನು ಕ್ಯಾಮೆರಾ ಆಗಲೇ ಬಾಗಿಸಿಬಿಟ್ಟಿರುತ್ತದೆ.

ಸದ್ಯಕ್ಕೆ ಇರುವ ಉಪಾಯಗಳನ್ನು ನೋಡೋಣ. ಅಡೋಬಿ ಸಂಸ್ಥೆಯು 2004ರಲ್ಲಿ 'ಡಿಎನ್‌ಜಿ' ಎಂಬ ಸಾಮಾನ್ಯ ರೂಪವೊಂದನ್ನು ರಚಿಸಿ ಅದರ ವಿವರವನ್ನು ಪ್ರಕಟಿಸಿತು. ಮೇಲೆ ಹೇಳಿದ ಕತ್ತಲೆಯ ಸಂಖ್ಯೆ, ಬಣ್ಣದ ಕೋಷ್ಟಕ ಮೊದಲಾದುವೆಲ್ಲ ಆ ಕಡತದೊಳಗೇ ಇರುತ್ತವೆ. ಓದುವ ತಂತ್ರಾಂಶಕ್ಕೆ ಕ್ಯಾಮೆರಾದ ಪೂರ್ವಪರಿಚಯ ಬೇಕಾಗುವುದಿಲ್ಲ. ಅದೇ ಸಂಸ್ಥೆಯ ಉಚಿತ ಪರಿವರ್ತಕದಿಂದ ಹೊಸ ಕ್ಯಾಮೆರಾದ ಕಡತವನ್ನು ಡಿಎನ್‌ಜಿಗೆ ಬದಲಾಯಿಸಿದರೆ ಹಳೆಯ ತಂತ್ರಾಂಶವೂ ಸಾಮಾನ್ಯವಾಗಿ ತೆರೆಯುತ್ತದೆ. ಲೈಕಾ, ಪೆಂಟಾಕ್ಸ್ ಮುಂತಾದ ಕ್ಯಾಮೆರಾಗಳಲ್ಲಿ ನೇರವಾಗಿ ಇದೇ ರೂಪ ದೊರೆಯುತ್ತದೆ. ಆಂಡ್ರಾಯ್ಡ್ ಫೋನುಗಳ ಕಚ್ಚಾ ಕಡತಕ್ಕೂ 2014ರ 5ನೆಯ ಆವೃತ್ತಿಯಿಂದ ಇದೇ ರೂಪ. ಜೇಬಿನ ಫೋನಿನ ಕಡತ ಲಕ್ಷ ರೂಪಾಯಿಯ ಕ್ಯಾಮೆರಾದ ಕಡತಕ್ಕಿಂತ ಹೆಚ್ಚು ಮುಕ್ತವಾಗಿದೆಯೆಂಬುದು ನಮ್ಮ ಕಾಲದ ಒಂದು ತಮಾಷೆ!

ಆದರೆ ಪರಿವರ್ತಿಸಿದ ಮೇಲೆ ಮೂಲವನ್ನು ಅಳಿಸಿಹಾಕಬೇಕೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ. ತಯಾರಕರು ತಮ್ಮದೇ ಸಂಕೇತದಲ್ಲಿ ಬರೆದಿಟ್ಟ ಟಿಪ್ಪಣಿಗಳೆಲ್ಲ ಪರಿವರ್ತನೆಯಲ್ಲಿ ಅರ್ಥಸಹಿತವಾಗಿ ಉಳಿಯುತ್ತವೆಂಬ ಭರವಸೆಯಿಲ್ಲ. ಪರಿವರ್ತಕದಲ್ಲಿ ಅಂಕಿಗಳನ್ನು ಸ್ವಲ್ಪ ನಷ್ಟಮಾಡಿ ಅಡಕಗೊಳಿಸುವ ಆಯ್ಕೆಯೂ ಇದೆ. ಅದನ್ನು ಮುಟ್ಟದಿರುವುದು ಲೇಸು. ಮೂಲವನ್ನು ಎರಡು ಬೇರೆಬೇರೆ ಕಡೆಗಳಲ್ಲಿ ಇರಿಸಿ, ಡಿಎನ್‌ಜಿ ಪ್ರತಿಯನ್ನು ಜೊತೆಗಿಡಬೇಕು. ಪರಿವರ್ತಕವೂ ಒಪ್ಪದ ಕಡತವಾದರೆ ತಯಾರಕರೇ ಉಚಿತವಾಗಿ ಕೊಡುವ ತಂತ್ರಾಂಶದಲ್ಲಿ ತೆರೆದು 16 ಬಿಟ್ಟುಗಳ ಟಿಫ್ ಚಿತ್ರವಾಗಿ ಉಳಿಸಬಹುದು; ಕಚ್ಚಾತನ ಹೋದರೂ ಚಿತ್ರವಾದರೂ ಉಳಿಯುತ್ತದೆ. ಹೆಚ್ಚಿನ ಕಚ್ಚಾ ಕಡತಗಳ ಹೊಟ್ಟೆಯಲ್ಲಿ ಮುನ್ನೋಟದ ಜೆಪೆಗ್ ಚಿತ್ರವೊಂದು ಇದ್ದೇ ಇರುತ್ತದೆ. 'ಎಕ್ಸಿಫ್‌ಟೂಲ್' ಎಂಬ ಉಚಿತ ಸಾಧನದಿಂದ ಅದನ್ನು ಹೊರತೆಗೆಯಬಹುದು. ಹೊಸ ಮಾದರಿಯ ಫಲಕವೂ ಕಡತದ ರಚನೆಯೂ ಹಳೆಯ ಮಾದರಿಯದೇ ಆಗಿದ್ದಲ್ಲಿ, ಕಡತದಲ್ಲಿ ಬರೆದಿರುವ ಮಾದರಿಯ ಹೆಸರನ್ನು ಅದೇ ಸಾಧನದಿಂದ ಹಳೆಯದಕ್ಕೆ ತಿದ್ದಿ ತಂತ್ರಾಂಶವನ್ನು ಮರುಳುಗೊಳಿಸುವ ಉಪಾಯವೂ ಬಳಕೆಯಲ್ಲಿದೆ. ಅದನ್ನು ಪ್ರತಿಯ ಮೇಲೆ ಮಾತ್ರ ಪ್ರಯೋಗಿಸಬೇಕು, ಮೂಲದ ಮೇಲೆ ಎಂದಿಗೂ ಅಲ್ಲ. ಬಣ್ಣ ತುಸು ಹೆಚ್ಚುಕಡಿಮೆಯಾದರೆ ಅಚ್ಚರಿಪಡಬೇಕಾಗಿಲ್ಲ.

ಇವೆಲ್ಲ ಕೊಂಡವರು ಪಡಬೇಕಾದ ಪಾಡು. ಕೊಳ್ಳುವ ಮೊದಲೇ ಮಾಡಬಹುದಾದ ಕೆಲಸವೂ ಒಂದಿದೆ. ಕಾಲೇಜುಗಳೂ ವಿಜ್ಞಾನ ಸಂಘಗಳೂ ಕ್ಯಾಮೆರಾಗಳಿಗೆ ಬೇಡಿಕೆ ಬರೆಯುವಾಗ, ಮಸೂರ ಎಷ್ಟು ದೊಡ್ಡದೆಂದು ಕೇಳುವಂತೆಯೇ, ಇದರ ಕಚ್ಚಾ ಕಡತದ ವಿವರ ಪ್ರಕಟವಾಗಿದೆಯೆ ಎಂದೂ ಒಂದು ಸಾಲನ್ನು ಸೇರಿಸಲಿ. ಒಬ್ಬರು ಕೇಳಿದರೆ ಮಾರುವವರು ನಕ್ಕಾರು. ನೂರು ಕಾಲೇಜುಗಳು ಕೇಳಿದರೆ ಆ ಮಾತು ತಯಾರಕರವರೆಗೆ ತಲುಪದಿರದು.

ಕೈಯಲ್ಲಿ ಈಗಾಗಲೇ ಕ್ಯಾಮೆರಾ ಇರುವ ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. 'ಡಾರ್ಕ್‌ಟೇಬಲ್' ಮೊದಲಾದ ಉಚಿತ ತಂತ್ರಾಂಶಗಳನ್ನು ಕಟ್ಟುವವರು ಬೇರೆಬೇರೆ ಮಾದರಿಗಳ ಕಚ್ಚಾ ಕಡತಗಳ ಸಾರ್ವಜನಿಕ ಸಂಗ್ರಹವೊಂದನ್ನು ಅವಲಂಬಿಸಿದ್ದಾರೆ. ತಮ್ಮ ಮಾದರಿ ಅಲ್ಲಿ ಇದೆಯೆ ಎಂದು ಹುಡುಕಿ, ಇಲ್ಲವಾದರೆ ಒಳ್ಳೆಯ ಬೆಳಕಿನಲ್ಲಿ ಮನುಷ್ಯರ ಮುಖವಿಲ್ಲದ ಯಾವುದಾದರೊಂದು ಸಾಮಾನ್ಯ ದೃಶ್ಯವನ್ನು ತೆಗೆದು, ತಿದ್ದದೆ, ಹಕ್ಕುಗಳನ್ನು ಬಿಟ್ಟುಕೊಟ್ಟು ಕಳುಹಿಸಬೇಕು. ಕ್ಯಾಮೆರಾದಲ್ಲಿ 12 ಬಿಟ್ಟು, 14 ಬಿಟ್ಟು, ಅಡಕಮಾಡಿದ್ದು, ಮಾಡದ್ದು ಎಂಬ ಆಯ್ಕೆಗಳಿದ್ದರೆ ಒಂದೊಂದರಲ್ಲಿಯೂ ಒಂದೊಂದು ಚಿತ್ರ ಬೇಕಾಗುತ್ತದೆ. ಒಂದು ಭಾನುವಾರದ ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ.