ಕೂದಲು ಕಟ್ಟುವ ಮೊದಲು

ಕುಷಾಯಿಗೂಡದ ನಮ್ಮ ಪಕ್ಕದ ಮನೆಯ ಹುಡುಗಿ ಕಾಲೇಜಿನಲ್ಲಿ ‘ಹೇರ್‌ಸ್ಪ್ರೇ’ ಸಂಗೀತನಾಟಕ ಮಾಡುತ್ತಿದ್ದಾಳೆ. ಕಥೆ 1962ರ ಬಾಲ್ಟಿಮೋರ್‌ನದು. ‘ಅಕ್ಕಾ, ಕೂದಲು ಎಷ್ಟು ಎತ್ತರ ಕಟ್ಟಲಿ?’ ಎಂದಳು.

ಅದಕ್ಕೂ ಮೊದಲು ತಿಳಿಯಬೇಕಾದ್ದಿದೆ. ನಾಟಕಕ್ಕೆ ಪ್ರೇರಣೆಯಾದ ಬಡ್ಡಿ ಡೀನ್ ಟಿವಿ ಕಾರ್ಯಕ್ರಮದಲ್ಲಿ ಕಪ್ಪು ಮಕ್ಕಳು ಬಿಳಿಯರೊಂದಿಗೆ ಕುಣಿಯುವಂತಿರಲಿಲ್ಲ. ಅವರನ್ನು ಒಟ್ಟಿಗೆ ಸೇರಿಸುವ ಬದಲು 1964ರಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಿದರು. ನಾಟಕದ ಸುಖಾಂತ್ಯ ನಿಜದಲ್ಲಿ ಆಗಲಿಲ್ಲ.

ಇನ್ನು ಆಕೆ ತನ್ನ ಅಜ್ಜಿಯನ್ನೂ ಕೇಳಬೇಕು. 1955ರ ಹಿಂದೂ ವಿವಾಹ ಕಾಯ್ದೆಯಂತೆ ಹುಡುಗಿಗೆ 15 ತುಂಬಿದರೆ ಮದುವೆ ಮಾಡಬಹುದಿತ್ತು. ಅದು 18 ಆದದ್ದು 1978ರಲ್ಲಿ. ಓದುವ, ಕುಣಿಯುವ ಹದಿಹರೆಯ ಆಗ ಅಲ್ಲೂ ಎಲ್ಲರಿಗಿರಲಿಲ್ಲ, ಇಲ್ಲೂ ಇರಲಿಲ್ಲ. ಯಾರಿಗೆ ಸಿಗಲಿಲ್ಲ ಎಂಬುದು ಗೊತ್ತಿದ್ದರೆ ಪಾತ್ರ ಬರೀ ವೇಷವಾಗಿ ಉಳಿಯುವುದಿಲ್ಲ.