ಕೂಗು ಹುಡುಗರದು, ಕಾಸು ಅಂಗಡಿಯವನದು



ಬೈದರೆ ಸಾಕು, ಬಂಡಾಯ ಆಗಿಹೋಯ್ತು ಅಂತ ತಿಳಕೊಂಡವರು ಹಾಸ್ಟೆಲುಗಳಲ್ಲಿ ಬಹಳ ಮಂದಿ ಇದ್ದಾರೆ. ಯಾರಾದರೂ ಬೈದರೆ ಸಾಕು, ರೌಡಿಗಳು ಅಂತ ಮೂಗು ಮುಚ್ಚಿಕೊಳ್ಳೋ ಸಭ್ಯರೂ ಇದ್ದಾರೆ. ಈ ಇಬ್ಬರ ಮುಂದೆಯೂ ನಾವು ಲಂಡನ್ನಿನ ನಾಲ್ಕು ಹುಡುಗರ ಲೆಕ್ಕ ಇಡುತ್ತೇವೆ. ಅವರ ತಂಡದ ಹೆಸರು ಸೆಕ್ಸ್ ಪಿಸ್ಟಲ್ಸ್. ಅವರ ಸಂಗೀತಕ್ಕೆ ಪಂಕ್ ಅಂತಾರೆ. ಪಂಕ್ ಅಂದರೆ ಪೋಲಿ, ಕೆಲಸಕ್ಕೆ ಬಾರದವನು. ಬೈಗುಳವನ್ನೇ ಹೆಸರು ಮಾಡಿಕೊಂಡು ಎದೆ ಸೆಟೆಸಿ ನಿಲ್ಲೋದು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದರಲ್ಲಿ ನಮ್ಮ ತಕರಾರೂ ಇಲ್ಲ.

1975. ಇಂಗ್ಲೆಂಡಿನಲ್ಲಿ ಕೆಲಸವಿಲ್ಲದವರ ಸಂಖ್ಯೆ ಹತ್ತು ಲಕ್ಷ ದಾಟುತ್ತಿದ್ದ ಕಾಲ. ಮರುವರ್ಷ ಆ ಸರ್ಕಾರವೇ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಲ್ಲಿ ಸಾಲಕ್ಕೆ ನಿಂತಿತು. ಅರ್ಧ ಲೋಕವನ್ನು ದೋಚಿದ ದೇಶ ನೋಡಿ! ಹಾಡುಗಾರ ಜಾನ್ ಲೈಡನ್ ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರ ಮಗ. ಹಲ್ಲು ಹುಳುಕು ಅಂತ ಅವನಿಗೆ ಬಿದ್ದ ಅಡ್ಡಹೆಸರು ಜಾನಿ ರಾಟನ್, ಕೊಳೆತ ಜಾನಿ. ಗಿಟಾರಿನ ಸ್ಟೀವ್ ಜೋನ್ಸ್ ಕದ್ದ ಸಾಮಾನಿನಲ್ಲೇ ಕಲಿತವನು, ಅದನ್ನ ಅವನೇ ಬಾಯಿಬಿಟ್ಟು ಹೇಳಿದ್ದಾನೆ. ಡ್ರಮ್ಮಿಗೆ ಪಾಲ್ ಕುಕ್, ಬೇಸ್ ಗಿಟಾರಿಗೆ ಗ್ಲೆನ್ ಮ್ಯಾಟ್ಲಾಕ್. ಇವರನ್ನೆಲ್ಲ ಒಟ್ಟು ಹಾಕಿದವನು ಮಾಲ್ಕಮ್ ಮೆಕ್‌ಲಾರೆನ್, ಕಿಂಗ್ಸ್ ರೋಡಿನ ಬಟ್ಟೆ ಅಂಗಡಿಯವನು. ಅಂಗಡಿಯ ಹೆಸರು ಸೆಕ್ಸ್. ಅಂದರೆ ತಂಡದ ಹೆಸರೇ ಅಂಗಡಿಯ ಬೋರ್ಡು. ಈ ಮಾತು ಮನಸ್ಸಲ್ಲಿಟ್ಟುಕೊಳ್ಳಿ.

1976ರ ಡಿಸೆಂಬರ್ 1. ಸಂಜೆ ಟಿವಿಯಲ್ಲಿ ನೇರ ಪ್ರಸಾರ. ಬಿಲ್ ಗ್ರಂಡಿ ಅನ್ನೋ ನಿರೂಪಕ ಈ ಹುಡುಗರನ್ನ ಕೂರಿಸಿಕೊಂಡು, ಇನ್ನೂ ಏನಾದರೂ ಕೆಟ್ಟದಾಗಿ ಮಾತಾಡು ನೋಡೋಣ ಅಂತ ತಾನೇ ಕೆಣಕಿದ. ಜೋನ್ಸ್ ಬೈದ. ಅಷ್ಟೇ. ಮಾರನೇ ದಿನ ಪತ್ರಿಕೆಗಳ ಮುಖಪುಟದ ತುಂಬ ಇದೇ. ಸಿಟ್ಟಿಗೆದ್ದ ಲಾರಿ ಡ್ರೈವರೊಬ್ಬ ತನ್ನ ಟಿವಿಯನ್ನೇ ಒದ್ದು ಒಡೆದ ಅಂತಲೂ ಬರೆದರು. ಊರೂರುಗಳಲ್ಲಿ ಗೊತ್ತಾಗಿದ್ದ ಹಾಡಿನ ಕಾರ್ಯಕ್ರಮಗಳನ್ನು ಒಂದೊಂದಾಗಿ ರದ್ದು ಮಾಡಿದರು. ಹತ್ತು ಲಕ್ಷ ಮಂದಿಗೆ ಕೆಲಸ ಇಲ್ಲ ಅಂದಾಗ ಒಡೆಯದ ಟಿವಿ ಒಂದು ಬೈಗುಳಕ್ಕೆ ಒಡೀತಲ್ಲ, ಇದು ಯಾವ ಸಭ್ಯತೆ ಸ್ವಾಮಿ?

ಇ.ಎಂ.ಐ. ಕಂಪನಿ 40 ಸಾವಿರ ಪೌಂಡು ಕೊಟ್ಟು ಇವರನ್ನ ಕೊಂಡಿತ್ತು. ನಮ್ಮ ಕಡೆ ಗ್ರಾಮಫೋನ್ ತಟ್ಟೆ ಮೇಲೆ ಕೊಳವೆಗೆ ಕಿವಿಗೊಟ್ಟು ಕೂತಿರುತ್ತಿದ್ದ ನಾಯಿ ನೆನಪಿದೆಯೆ? ಆ ಎಚ್.ಎಂ.ವಿ.ಯ ಯಜಮಾನರೇ ಇವರು. 1977ರ ಜನವರಿಯಲ್ಲಿ ಕೈಬಿಟ್ಟರು. ಮಾರ್ಚಿನಲ್ಲಿ ಎ ಆಂಡ್ ಎಂ ಕಂಪನಿ ರಾಣಿಯ ಅರಮನೆ ಮುಂದೆ ಮೇಜು ಹಾಕಿಸಿ ಸಹಿ ತಗೊಂಡಿತು, ಆರೇ ದಿನಕ್ಕೆ ಹೊರಗಟ್ಟಿತು. ಮೇ ತಿಂಗಳಿಗೆ ವರ್ಜಿನ್. ಒಬ್ಬ ಬಿಟ್ಟರೆ ಇನ್ನೊಬ್ಬ, ಸಂತೆಯಲ್ಲಿ ಹೋರಿ ಕೈ ಬದಲಾದ ಹಾಗೆ.

ರಾಣಿ ಪಟ್ಟಕ್ಕೆ ಬಂದು 25 ವರ್ಷ ಆಯ್ತು ಅಂತ ಬೀದಿ ಬೀದಿಯಲ್ಲಿ ಬಾವುಟ ಕಟ್ಟಿದ್ದಾಗ, ಆ ರಾಣಿಯ ಹೆಸರಲ್ಲೇ ಇವರ ಹಾಡು ಬಂತು. ಬಿಬಿಸಿ ನಿಷೇಧಿಸಿತು. ಆದರೂ ಮಾರಾಟದ ಪಟ್ಟಿಯಲ್ಲಿ ಎರಡನೇ ಸ್ಥಾನ. ಹುಡುಗರ ಧೈರ್ಯ ದೊಡ್ಡದೇ, ಅದನ್ನ ನಾವು ಅಲ್ಲಗಳೆಯೋದಿಲ್ಲ. ಆ ಜೂನ್ ತಿಂಗಳಲ್ಲಿ ಲೈಡನ್‌ಗೆ ಬೀದಿಯಲ್ಲಿ ಚಾಕು ಹಾಕಿದರು. ಏಟು ತಿಂದವನು ಹಾಡಿದವನೇ, ಕಂಪನಿಯ ಡೈರೆಕ್ಟರು ಅಲ್ಲ.

ಇನ್ನು ನಮ್ಮ ಜಗಳದ ಮಾತಿಗೆ ಬರೋಣ. ಮೆಕ್‌ಲಾರೆನ್ ಅಂಗಡಿಯ ಅಂಗಿಗಳ ಮೇಲೆ ಹಿಟ್ಲರನ ಸ್ವಸ್ತಿಕ ಇತ್ತು. ಮ್ಯಾಟ್ಲಾಕ್ ಬಿಟ್ಟ ಜಾಗಕ್ಕೆ ಬಂದ ಸಿಡ್ ವಿಷಸ್ ಅದನ್ನ ಎದೆ ಮೇಲೆ ಹಾಕಿಕೊಂಡು ತಿರುಗಿದ. ಯಾಕಪ್ಪಾ ಅಂದರೆ, ದೊಡ್ಡವರಿಗೆ ಸಿಟ್ಟು ಬರಿಸೋಕೆ! ಇದು ತಮಾಷೆ ಅಂದವರಿಗೆ ನಾವು ಕೇಳ್ತೀವಿ: 1976ರ ಜೂನ್‌ನಲ್ಲಿ ಲಂಡನ್ನಿನ ಸೌತಾಲ್ ಬೀದಿಯಲ್ಲಿ ಗುರ್‌ದೀಪ್ ಸಿಂಗ್ ಚಗ್ಗರ್ ಎಂಬ ಹದಿನೆಂಟರ ಹುಡುಗನನ್ನ ಬಿಳಿಯ ಹುಡುಗರು ಇರಿದು ಕೊಂದರು. ಅವನ ತಾಯಿಗೆ ಆ ಅಂಗಿ ತಮಾಷೆಯೆ? 1977ರ ಮೇನಲ್ಲಿ ಲಂಡನ್ ನಗರದ ಚುನಾವಣೆಯಲ್ಲಿ ಕರಿಯರನ್ನ, ನಮ್ಮವರನ್ನ ಓಡಿಸಬೇಕು ಅನ್ನೋ ನ್ಯಾಷನಲ್ ಫ್ರಂಟಿಗೆ ಒಂದು ಲಕ್ಷಕ್ಕೂ ಹೆಚ್ಚು ಓಟು ಬಿತ್ತು. ತುಳಿಯುವವನ ಗುರುತನ್ನ ಶೋಕಿಗೆ ತೊಟ್ಟರೆ ಏಟು ಬೀಳೋದು ತುಳಿಸಿಕೊಂಡವನಿಗೇ. ಲೈಡನ್ ನ್ಯಾಷನಲ್ ಫ್ರಂಟನ್ನು ಬಾಯ್ತುಂಬ ಬೈದ, ಅದು ನಿಜ. ಆದರೆ ಅಂಗಡಿ ಅಂಗಿ ಮಾರುತ್ತಲೇ ಇತ್ತು.

ಇದೇ ಪಂಕಿನಲ್ಲಿ ಬೇರೆ ದಾರಿ ಹಿಡಿದವರೂ ಇದ್ದರು. 1976ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ವೇದಿಕೆ ಮೇಲೇ ವಲಸೆಗಾರರ ವಿರುದ್ಧ ಹೊಲಸು ಮಾತಾಡಿದಾಗ, ಅದಕ್ಕೆ ಎದುರಾಗಿ ರಾಕ್ ಅಗೆನ್ಸ್ಟ್ ರೇಸಿಸಂ ಹುಟ್ಟಿತು. 1978ರ ಏಪ್ರಿಲ್ 30ರಂದು ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿನ ತನಕ ಹತ್ತಾರು ಸಾವಿರ ಜನ ನಡೆದರು. ಅಲ್ಲಿ ಕ್ಲ್ಯಾಶ್ ಹಾಡಿತು, ಕರಿಯರ ತಂಡ ಸ್ಟೀಲ್ ಪಲ್ಸ್ ಹಾಡಿತು, ಸೊಮಾಲಿ ಅಪ್ಪನ ಮಗಳು ಪಾಲಿ ಸ್ಟೈರೀನ್ ಹಾಡಿದಳು. ಮರುವರ್ಷ ಏಪ್ರಿಲ್ 23ಕ್ಕೆ ಅದೇ ಸೌತಾಲಿನಲ್ಲಿ ನ್ಯಾಷನಲ್ ಫ್ರಂಟ್ ಸಭೆ ಮಾಡಹೊರಟಾಗ ಜನ ಅಡ್ಡ ನಿಂತರು. ಬ್ಲೇರ್ ಪೀಚ್ ಎಂಬ ಮೇಷ್ಟ್ರು ತಲೆಗೆ ಏಟು ಬಿದ್ದು ಸತ್ತರು. ಹೊಡೆದದ್ದು ಪೊಲೀಸನೇ ಇರಬೇಕು ಅನ್ನೋ ಪೊಲೀಸರದೇ ತನಿಖಾ ವರದಿ ಹೊರಬೀಳಲು 2010 ಆಗಬೇಕಾಯ್ತು.

ಅಷ್ಟರಲ್ಲಿ ಸೆಕ್ಸ್ ಪಿಸ್ಟಲ್ಸ್ ಮುಗಿದಿತ್ತು. 1978ರ ಜನವರಿ 14ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊನೆಯ ಹಾಡು ಹಾಡಿದ ಲೈಡನ್, ಮೋಸ ಹೋದೆವು ಅಂತ ಅನ್ನಿಸಿದೆಯೇನು ಅಂತ ಜನರನ್ನ ಕೇಳಿ ಮೈಕು ಕೆಳಗೆ ಹಾಕಿದ. 1979ರ ಫೆಬ್ರವರಿಯಲ್ಲಿ ಸಿಡ್ ವಿಷಸ್ ಹೆರಾಯಿನ್‌ಗೆ ಬಲಿಯಾದ. ವಯಸ್ಸು 21. 1980ರಲ್ಲಿ ಮೆಕ್‌ಲಾರೆನ್‌ನ ಕಡೆಯ ಕಥೆ ಹೇಳುವ ಸಿನಿಮಾ ಬಂತು: ಇದೆಲ್ಲ ಅವನೇ ಹೂಡಿದ ದುಡ್ಡಿನ ಆಟವಂತೆ! ತಮ್ಮದೇ ಕೂಗಿನ ಕಾಸಿಗೆ ಹುಡುಗರು ಕೋರ್ಟು ಅಲೆದರು, 1986ರ ತನಕ. 2016ರಲ್ಲಿ ಮೆಕ್‌ಲಾರೆನ್‌ನ ಮಗ ಥೇಮ್ಸ್ ನದಿಯ ದೋಣಿಯಲ್ಲಿ ಹಳೇ ಪಂಕ್ ಅಂಗಿ, ವಸ್ತುಗಳನ್ನ ಸುಟ್ಟ. ಅವುಗಳ ಬೆಲೆ 50 ಲಕ್ಷ ಪೌಂಡು ಅಂತ ಅವನೇ ಹೇಳಿದ. ಕೆಲಸವಿಲ್ಲದವರ ಕೂಗಿಗೆ ಕೊನೆಗೆ ಕಟ್ಟಿದ ರೇಟು ಅದು.

ಟಿವಿಯಲ್ಲಿ ಬೈದ ಆ ಎರಡು ನಿಮಿಷ ಎಲ್ಲರಿಗೂ ಗೊತ್ತು. 1977ರ ಕ್ರಿಸ್‌ಮಸ್ ದಿನ ಗೊತ್ತಿರೋರು ಕಮ್ಮಿ. ಆಗ ಬ್ರಿಟನ್ನಿನ ಬೆಂಕಿ ಆರಿಸೋ ಕೆಲಸಗಾರರು ಸಂಬಳಕ್ಕಾಗಿ ಮುಷ್ಕರ ಹೂಡಿದ್ದರು. ಹಡರ್ಸ್‌ಫೀಲ್ಡ್ ಊರಿನ ಇವಾನ್‌ಹೋಸ್ ಕ್ಲಬ್ಬಿನಲ್ಲಿ ಅವರ ಮಕ್ಕಳಿಗಾಗಿ ಮಧ್ಯಾಹ್ನ ಇದೇ ರೌಡಿಗಳು ಹಾಡಿದರು, ಕೇಕು ಹಂಚಿದರು. ಮಕ್ಕಳು ಆ ಕೇಕನ್ನು ಕೊಳೆತ ಜಾನಿಯ ಮುಖಕ್ಕೇ ಮೆತ್ತಿ ಕುಣಿದವು.