ಸಿಪ್ಪೆ ರಸ್ತೆಗಲ್ಲ, ಒಲೆಗೆ

ಅಡಿಕೆ ಸುಲಿತ ಶುರುವಾದರೆ ಸಾಕು, ಬೆಳಿಗ್ಗೆ ಮದ್ರಸಕ್ಕೆ ಬರುವ ಮಕ್ಕಳು ಮೂಗು ಮುಚ್ಚಿಕೊಂಡೇ ಬರುತ್ತಾರೆ. ರಸ್ತೆ ಬದಿಯಲ್ಲಿ ಸಿಪ್ಪೆಯ ರಾಶಿ. ಮಳೆ ಬಂದರೆ ಕೊಳೆತು ಡಾಮರಿನ ಮೇಲೆ ಹರಿಯುತ್ತದೆ. ಒಣಗಿದರೆ ಯಾರೋ ಬೆಂಕಿ ಹಾಕುತ್ತಾರೆ, ದಿನಗಟ್ಟಲೆ ಹೊಗೆ. ಕಳೆದ ವರ್ಷ ನನ್ನ ಬೈಕೂ ಜಾರಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಇದೇ ಕಥೆ. ತುಂಗೆ, ಭದ್ರೆಗೆ ಸೇರುವ ಹಳ್ಳಗಳಿಗೂ ಇದೇ ಕೊಳಕು ನೀರು.

ಬೇರೆಯವರನ್ನು ದೂರುವ ಮೊದಲು ನಮ್ಮನ್ನೇ ಕೇಳಿಕೊಳ್ಳೋಣ. ಚೇಣಿ ವ್ಯಾಪಾರದಲ್ಲಿ ನಮ್ಮ ಬ್ಯಾರಿಗಳೂ ಬಹಳ ಜನ ಇದ್ದಾರೆ. ಹಿಂದೆ ತೋಟದವರ ಅಂಗಳದಲ್ಲೇ ಸುಲಿತ, ಸಿಪ್ಪೆ ಮರದ ಬುಡಕ್ಕೇ ಹೋಗುತ್ತಿತ್ತು. ಈಗ ಹಸಿ ಅಡಿಕೆ ಪಿಕಪ್‌ನಲ್ಲಿ ನಮ್ಮ ಶೆಡ್ಡಿಗೆ ಬರುತ್ತದೆ, ಮೆಷಿನ್ ಸುಲಿಯುತ್ತದೆ. ಹಸಿ ಅಡಿಕೆಯ ತೂಕದಲ್ಲಿ ಶೇ. 60ರಿಂದ 80ರಷ್ಟು ಸಿಪ್ಪೆಯೇ. ಅಷ್ಟನ್ನು ಹಾಕಲು ಜಾಗವಿಲ್ಲ ಅಂತ ರಾತ್ರಿ ಹೊತ್ತು ರಸ್ತೆಗೆ ಸುರಿಯುತ್ತೇವೆ.

ಅದೇ ಶೆಡ್ಡಿನಲ್ಲಿ ಅಡಿಕೆ ಬೇಯಿಸಲು ದುಡ್ಡು ಕೊಟ್ಟು ಸೌದೆ ತರಿಸುತ್ತೇವೆ! ಸಕ್ಕರೆ ಕಾರ್ಖಾನೆಯವರು ಕಬ್ಬಿನ ಸಿಪ್ಪೆ ಉರಿಸಿ ಬಾಯ್ಲರ್ ನಡೆಸುತ್ತಾರೆ, ಕರೆಂಟೂ ತೆಗೆಯುತ್ತಾರೆ. ಕಡಲಕಳೆಯ ರಸ ಹಿಂಡಿದ ಮೇಲೆ ಉಳಿಯುವ ಚರಟದಿಂದಲೂ ಎಥೆನಾಲ್ ತೆಗೆಯಬಹುದೆಂದು ಗುಜರಾತಿನ ಭಾವನಗರದ ವಿಜ್ಞಾನಿಗಳು ತೋರಿಸಿದ್ದಾರೆ. ನಮ್ಮ ಸಿಪ್ಪೆಗೆ ಅಷ್ಟೆಲ್ಲ ಬೇಡ. ನಾರು ಜಾಸ್ತಿ ಇರುವುದರಿಂದ ಗೋಬರ್ ಗ್ಯಾಸ್ ಗುಂಡಿಯಲ್ಲಿ ಅದು ಬೇಗ ಕರಗುವುದಿಲ್ಲ, ನಿಜ. ಆದರೆ ಚೆನ್ನಾಗಿ ಒಣಗಿಸಿದರೆ ಅಡಿಕೆ ಬೇಯಿಸುವ ಒಲೆಗೆ ಅದೇ ಸೌದೆ. ಹಸಿಯಾಗಿ ತುರುಕಿದರೆ ಮಾತ್ರ ಹೊಗೆ.

"ಮಳೆಯಲ್ಲಿ ಎಲ್ಲಿ ಒಣಗಿಸೋದು ಉಸ್ತಾದ್?" ಎಂದು ಚೇಣಿಯವರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. ಬಿಸಿಲಿನ ದಿನಗಳ ಸಿಪ್ಪೆಯನ್ನು ಒಣಗಿಸಿ ಶೀಟಿನಡಿ ಕೂಡಿಟ್ಟರೆ ಮುಂದಿನ ಸುಲಿತಕ್ಕಾಯಿತು. ಮಳೆಯ ದಿನಗಳದ್ದು ತೋಟಕ್ಕೇ ವಾಪಸ್ ಹೋಗಲಿ. ಅಡಿಕೆ ತರಲು ಹೋಗುವ ಪಿಕಪ್ ಹೇಗೂ ಖಾಲಿ ಹೋಗುತ್ತದಲ್ಲ? ಚೇಣಿ ಮಾತಾಡುವಾಗಲೇ ತೋಟದವರ ಹತ್ತಿರ ಇದನ್ನೂ ಮಾತಾಡಿಕೊಳ್ಳಿ. ಜಾಗವಿಲ್ಲದವರು ನಾಲ್ಕು ಜನ ಸೇರಿ ಒಂದು ಕಣ ಮಾಡಿಕೊಳ್ಳಲಿ. ಸುಲಿತ ಶುರುವಾಗುವ ಮೊದಲೇ ಜಮಾಅತಿನವರು ಚೇಣಿಯವರನ್ನು ಕೂರಿಸಿ ಈ ಬಗ್ಗೆ ತೀರ್ಮಾನ ಮಾಡಬೇಕು.

ದಾರಿಯಲ್ಲಿರುವ ತೊಂದರೆಯನ್ನು ಸರಿಸುವುದು ಈಮಾನಿನ ಭಾಗ ಎಂದು ಮದ್ರಸದಲ್ಲಿ ನಾನೇ ಪಾಠ ಮಾಡುತ್ತೇನೆ. ಪಾಠ ಮುಗಿಸಿ ಮನೆಗೆ ಹೋಗುವ ಮಗು ತನ್ನ ಬಾಪ ಸುರಿದ ಸಿಪ್ಪೆಯನ್ನೇ ದಾಟಿ ಹೋಗುವಂತಾದರೆ ಆ ಪಾಠಕ್ಕೆ ಏನು ಬೆಲೆ?